ಮಿಜ್ ಹೊಸ್ತಿಲು ದಾಟಿದ ದಿನ

ಕ್ಲಾರಿ ಪೆಟಿಫರ್ ನನ್ನ ಬೇಲಿಯಾಚೆಯ ನೆರೆಯವನು. ಎಪ್ಪತ್ತೊಂಬತ್ತು ವರ್ಷ. ಅವನಂಥ ಮೊಂಡನನ್ನು ನಾನು ಡಾರ್ಲಿಂಗ್ ನದಿಯ ಈ ದಡದಲ್ಲೂ ಕಂಡಿಲ್ಲ, ಆ ದಡದಲ್ಲೂ ಕಂಡಿಲ್ಲ. ಮೂವತ್ತೊಂದು ವರ್ಷ ಶಾಲೆಯ ಬಸ್ಸು ಓಡಿಸಿದವಳು ನಾನು, ಹಟಮಾರಿಗಳ ವಿಷಯದಲ್ಲಿ ನನ್ನ ಮಾತನ್ನು ನಂಬಬಹುದು. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವವರನ್ನು ಎಲ್ಲರೂ ನೋಡಿರುತ್ತಾರೆ. ಕ್ಲಾರಿಗೆ ನಾಲ್ಕನೆಯ ಕಾಲನ್ನು ಹಿಡಿದು ತೋರಿಸಿದರೆ, ತಪ್ಪು ಮೊಲದ್ದೇ ಎನ್ನುತ್ತಾನೆ.

ಅವನ ನಾಯಿಯ ಹೆಸರು ಮಿಜ್. ಕೆಲ್ಪಿ ಜಾತಿಯ ಕುರಿನಾಯಿ, ಇಟ್ಟಿಗೆ ಬಣ್ಣ, ಹದಿಮೂರು ವರ್ಷ. ಹಿಂದೆ ಕ್ಲಾರಿ ಊರಿಂದೂರಿಗೆ ಸಾವಿರಾರು ಕುರಿ ಹೊಡೆದುಕೊಂಡು ಹೋಗುತ್ತಿದ್ದಾಗ, ಅವನ ಒಂದು ಸಿಳ್ಳೆಗೆ ಅರ್ಧ ಮೈಲಿ ಓಡಿ ಇಡೀ ಹಿಂಡನ್ನು ಬಳಸಿ ತಂದು ಅವನ ಕಾಲ ಬಳಿ ನಿಲ್ಲಿಸುತ್ತಿದ್ದವಳು. ಆರು ವರ್ಷದ ಹಿಂದೆ ಅವನು, ಹೆಂಡತಿ ಡೊರೀನ್, ಮಿಜ್, ಮೂವರೂ ಈ ಪಕ್ಕದ ಮನೆಗೆ ಬಂದರು. ಎರಡು ವರ್ಷದ ಹಿಂದೆ ಡೊರೀನ್ ತೀರಿಕೊಂಡಳು. ಈಗ ಉಳಿದವರು ಒಬ್ಬ ಮುದುಕ, ಒಬ್ಬಳು ಮುದುಕಿ, ಮುದುಕಿಗೆ ನಾಲ್ಕು ಕಾಲು.

ನಮ್ಮ ಕಡೆ ಒಂದು ಕಟ್ಟಳೆಯಿದೆ, ಸರ್ಕಾರದ ಕಾನೂನಿಗಿಂತ ಗಟ್ಟಿಯಾದದ್ದು. ಕೆಲಸದ ನಾಯಿ ಮನೆಯೊಳಗೆ ಕಾಲಿಡಬಾರದು. ಒಳಗೆ ಬಂದ ನಾಯಿ ಮೆತ್ತಗಾಗುತ್ತದೆ, ಮೆತ್ತಗಾದ ನಾಯಿಗೆ ಕುರಿ ಹೆದರುವುದಿಲ್ಲ ಎಂದು ಹಳಬರು ಹೇಳುತ್ತಾರೆ. ಕ್ಲಾರಿಯ ಹಿತ್ತಲಲ್ಲಿ ಆರು ವರ್ಷದಿಂದ ಒಂದು ಕುರಿಯ ಕೂದಲೂ ಇಲ್ಲ. ಆದರೂ ಮಿಜ್ ಮಲಗುವುದು ಹಿತ್ತಲಲ್ಲಿ, ಅಡ್ಡ ಮಲಗಿಸಿದ ಹಳೆಯ ಡ್ರಮ್ಮಿನೊಳಗೆ.

ಹಾಗೆಂದು ಅವನು ನಾಯಿಯನ್ನು ಕಡೆಗಣಿಸಿದವನಲ್ಲ. ಜನವರಿಯಲ್ಲಿ, ನಮ್ಮ ಕಡೆಯ ಕಡುಬೇಸಿಗೆಯಲ್ಲಿ, ಅವನ ಹಿತ್ತಲನ್ನು ನೋಡಬೇಕು. ಬೆಳಗ್ಗೆ ಐದಕ್ಕೇ ಎದ್ದು ಪೆಪ್ಪರ್‌ಕಾರ್ನ್ ಮರದ ಕೆಳಗಿನ ಮಣ್ಣನ್ನು ಪೈಪು ಹಿಡಿದು ತೋಯಿಸುತ್ತಾನೆ. ಮರಕ್ಕೂ ಶೆಡ್ಡಿಗೂ ನಡುವೆ ಎರಡು ಪದರ ಶೇಡ್ ನೆಟ್ ಎಳೆದು ಕಟ್ಟಿದ್ದಾನೆ. ಪಡುವಣದ ಬಿಸಿಗಾಳಿ ಬರುವ ಕಡೆ ಒದ್ದೆ ಗೋಣಿಚೀಲಗಳ ಪರದೆ. ನೀರಿನ ಬಟ್ಟಲು ಮೂರು, ಒಂದು ಮಗುಚದ ಹಾಗೆ ನೆಲದಲ್ಲಿ ಹೂತಿದೆ. ಮಕ್ಕಳು ಆಡುವ ಚಿಪ್ಪಿನಾಕಾರದ ನೀಲಿ ಪ್ಲಾಸ್ಟಿಕ್ ತೊಟ್ಟಿಯಲ್ಲಿ ಮೊಣಕಾಲುದ್ದ ನೀರು. ಐಸ್‌ಕ್ರೀಮ್ ಡಬ್ಬಿಯಲ್ಲಿ ಮಾಂಸದ ಚೂರು ಹಾಕಿ ನೀರು ಹೆಪ್ಪುಗಟ್ಟಿಸಿ, ಆ ಗಡ್ಡೆಯನ್ನು ಮಧ್ಯಾಹ್ನ ಅವಳ ಮುಂದಿಡುತ್ತಾನೆ, ಅವಳು ಎರಡು ಗಂಟೆ ನೆಕ್ಕುತ್ತಾಳೆ. ಸಿಮೆಂಟು ನೆಲಕ್ಕೆ ಅಂಗೈಯ ಹಿಂಬದಿ ಒತ್ತಿ ಏಳರವರೆಗೆ ಎಣಿಸುತ್ತಾನೆ. ಏಳಕ್ಕೆ ಮೊದಲೇ ಕೈ ಸುಟ್ಟರೆ ಮಿಜ್ ಆ ಕಡೆ ಹೆಜ್ಜೆ ಇಡುವಂತಿಲ್ಲ. ಇಷ್ಟು ಉಪಚಾರ ನನ್ನ ಇಬ್ಬರು ಗಂಡಂದಿರಲ್ಲಿ ಒಬ್ಬನೂ ನನಗೆ ಮಾಡಲಿಲ್ಲ.

ಆ ಮಂಗಳವಾರ ಮಿಜ್ ಬೆಳಗಿನ ಗಂಜಿಯನ್ನು ಮೂಸಿ ಬಿಟ್ಟಳು. ಕ್ಲಾರಿ ಬೇಲಿಯ ಮೇಲಿಂದ ಕೂಗಿದ.

"ಗ್ಲೆನ್, ನಿನ್ ಕಾರು ತೆಗೀತೀಯಾ? ನನ್ ಪಿಕಪ್ಪಿನ ಹಿಂದುಗಡೆ ತಗಡು ಕಾವಲಿ ಆಗ್ಬಿಟ್ಟಿದೆ."

ನನ್ನ ಕಾರಿನಲ್ಲೇ ಕರೆದುಕೊಂಡು ಹೋದೆವು. ನಮ್ಮೂರಿನ ಪಶುವೈದ್ಯೆ ಟೆಗನ್ ಚಿಕ್ಕ ವಯಸ್ಸಿನವಳು, ಆದರೆ ಕೈ ಒಳ್ಳೆಯದು. ಮಿಜ್ ಆಸ್ಪತ್ರೆಯ ಬಾಗಿಲಲ್ಲೇ ಕೂತುಬಿಟ್ಟಿದ್ದರಿಂದ ಟೆಗನ್ ಹೊರಗೆ ಬಂದು ನೆರಳಲ್ಲೇ ಎದೆಗೆ ಸ್ಟೆತಾಸ್ಕೋಪು ಇಟ್ಟಳು. ಆಗ ಅದು ನನಗೆ ವಿಶೇಷ ಅನ್ನಿಸಲಿಲ್ಲ. ಆಸ್ಪತ್ರೆಯ ಬಾಗಿಲಲ್ಲಿ ನಾನೂ ಹಾಗೇ ಕೂರುತ್ತೇನೆ.

"ಹೃದಯ ದಣಿದಿದೆ ಕ್ಲಾರಿ," ಎಂದಳು ಟೆಗನ್. "ಮಾತ್ರೆ ಕೊಡ್ತೀನಿ. ಆದ್ರೆ ನಾಳೆ ನಲವತ್ತಾರು ಡಿಗ್ರಿ ಅಂತಿದಾರೆ. ನಾಳೆ ಅವಳು ಮನೆಯೊಳಗಿರ್ಬೇಕು, ಎಸಿ ಹಾಕಿ."

"ನೆರಳಿದೆ, ನೀರಿದೆ, ತೊಟ್ಟಿ ಇದೆ…"

"ನಿಮ್ಮ ಹಿತ್ತಲು ಊರಲ್ಲೇ ಚೆನ್ನಾಗಿದೆ, ನಂಗೊತ್ತು. ಗಾಳಿನೇ ಬೆಂಕಿ ಆದಾಗ ನೆರಳು ಏನ್ ಮಾಡತ್ತೆ ಹೇಳಿ? ಹೊರಗೆ ಬಿಟ್ರೆ ಅವಳು ನಾಳೆ ಸಂಜೆ ನೋಡ್ತಾಳೆ ಅಂತ ನಾನು ಮಾತು ಕೊಡಲ್ಲ."

ವಾಪಸು ಬರುವಾಗ ಅವನು ಮಾತ್ರೆಯ ಡಬ್ಬಿಯನ್ನು ಕೈಯಲ್ಲಿ ಹೊರಳಿಸುತ್ತಲೇ ಇದ್ದ. ನಮ್ಮ ಬೀದಿಗೆ ತಿರುಗುವಾಗ, "ಒಳಗೆ ಬಿಡ್ತೀನಿ" ಅಂದ. ನಾನು ಕಾರನ್ನು ಇನ್ನೇನು ಯಾರದೋ ಗುಲಾಬಿ ಗಿಡಕ್ಕೆ ಹತ್ತಿಸುತ್ತಿದ್ದೆ.

ಬುಧವಾರ ಬೆಳಗ್ಗೆ ಎಂಟಕ್ಕೆ ಅವನ ಮನೆಗೆ ಹೋದೆ. ನನ್ನ ಮನೆಯ ಕೂಲರ್ ಸೋಮವಾರವೇ ಕೈಕೊಟ್ಟಿದ್ದರಿಂದ ದಿನವಿಡೀ ಅಲ್ಲೇ ಕೂರುವುದೆಂದು ಮಾತಾಗಿತ್ತು. ಕ್ಲಾರಿ ಹಿತ್ತಲ ಬಾಗಿಲನ್ನು ಪೂರ್ತಿ ತೆರೆದು, ಮುಚ್ಚದಂತೆ ಇಟ್ಟಿಗೆ ಆನಿಸಿ, ಮದುವೆ ಮನೆಯ ಯಜಮಾನನ ಹಾಗೆ ಒಳಗೆ ನಿಂತಿದ್ದ.

"ಬಾ ಮಗಳೇ. ಬಾ ಒಳಗೆ."

ಮಿಜ್ ಬಂದಳು. ಹೊಸ್ತಿಲಿಗೆ ಒಂದು ಗೇಣು ಉಳಿದಿರುವಾಗ ಕೂತಳು. ಅವನು ಮತ್ತೆ ಕರೆದ. ಅವಳು ಮುಖವನ್ನು ಪಕ್ಕಕ್ಕೆ ತಿರುಗಿಸಿದಳು, ಯಜಮಾನನಿಗೆ ಅರುಳುಮರುಳು ಹಿಡಿದದ್ದನ್ನು ನೋಡಲು ತನಗೇ ನಾಚಿಕೆ ಎನ್ನುವ ಹಾಗೆ.

ಸಾಸೇಜು ತಂದು ಹೊಸ್ತಿಲ ಒಳಗಿಟ್ಟೆವು. ಮುಂಗಾಲೆರಡೂ ಗೆರೆ ಕೊರೆದ ಹಾಗೆ ಆಚೆಯೇ ಇಟ್ಟುಕೊಂಡು, ಕತ್ತು ಚಾಚಿ ಸಾಸೇಜು ತಿಂದಳು. ಇನ್ನೊಂದನ್ನು ಮೊಳದಾಚೆ ಇಟ್ಟೆವು. ಅದನ್ನು ನೋಡಿದಳು, ನಮ್ಮನ್ನು ನೋಡಿದಳು, ನಿಟ್ಟುಸಿರು ಬಿಟ್ಟಳು. ಕೊನೆಗೆ ಕ್ಲಾರಿ ಅವಳನ್ನು ಎತ್ತಿಕೊಂಡೇ ಒಳಗೆ ತಂದ. ಅವನ ತೋಳಲ್ಲಿ ಕೊರಡಿನ ಹಾಗೆ ಸೆಟೆದುಕೊಂಡಿದ್ದಳು. ನೆಲಕ್ಕಿಳಿಸಿದ ಕೂಡಲೇ ಬಾಲವನ್ನು ಹೊಟ್ಟೆಯಡಿ ಸಿಕ್ಕಿಸಿಕೊಂಡು, ಕದ್ದು ಸಿಕ್ಕಿಬಿದ್ದವಳಂತೆ ತೆವಳಿ ಆಚೆ ಹೋದಳು. ಎರಡನೆಯ ಸಲ ಅವನು ಎತ್ತಿ ತಂದಾಗ ನಾನು ಬಾಗಿಲು ಹಾಕಿದೆ. ಗಡಗಡ ನಡುಗುತ್ತ, ನಾಲಿಗೆ ಹೊರಚಾಚಿ, ಬಾಗಿಲನ್ನು ಪರಪರ ಕೆರೆಯತೊಡಗಿದಳು. ಹೆದರಿ ತೆರೆದುಬಿಟ್ಟೆ.

ಟೆಗನ್‌ಗೆ ಫೋನು ಮಾಡಿದೆ. "ಬಲವಂತ ಬೇಡ ಗ್ಲೆನಿಸ್," ಎಂದಳು. "ಆ ಗಾಬರಿ ಬಿಸಿಲಿಗಿಂತ ಕೆಟ್ಟದ್ದು, ಹೃದಯ ತಡೆಯಲ್ಲ. ತಾನಾಗೇ ಬರ್ಬೇಕು."

ಕ್ಲಾರಿ ಹೊಸ್ತಿಲ ಮೇಲೆ ಕೂತು ಟೋಪಿಯನ್ನು ಕೈಯಲ್ಲಿ ತಿರುಗಿಸುತ್ತಿದ್ದ.

"ಮೂರು ತಿಂಗಳ ಮರಿ ಇದ್ಲು," ಅಂದ. "ಡೊರೀನ್ ಹಿಂದೆ ಅಡುಗೆಮನೆಗೆ ಬಂದ್ಲು. ಇದೇ ಟೋಪಿಲಿ ಮೂತಿ ಮೇಲೆ ಒಂದು ಕೊಟ್ಟು 'ಹೊರಗೆ' ಅಂದೆ. ಒಂದೇ ಸಲ ಗ್ಲೆನ್. ಎರಡನೇ ಸಲ ಹೇಳಿಸ್ಕೊಳ್ಳೋ ನಾಯಿ ಅಲ್ಲ ಅವಳು."

"ಮಾಡಿದ್ದುಣ್ಣೋ ಮಹಾರಾಯ," ಅಂದೆ.

ಅವನು ಒಪ್ಪಿಕೊಂಡವನಂತೆ ತಲೆಯಾಡಿಸಿದ. ಕ್ಲಾರಿ ಒಪ್ಪಿಕೊಂಡದ್ದನ್ನು ನಾನು ಅದೇ ಮೊದಲು ನೋಡಿದ್ದು.

"ಡೊರೀನ್ ಕೊನೇ ತಿಂಗಳಲ್ಲಿ ಕೇಳಿದ್ಲು. ನಾಯಿನ ಒಳಗೆ ಬಿಡು, ನನ್ ಕಾಲ ಹತ್ರ ಮಲಗ್ಲಿ ಅಂತ. ನಾನು ಮಂಚಾನೇ ಕಿಟಕಿ ಪಕ್ಕಕ್ಕೆ ಎಳೆದೆ. ನಾಯಿನ ಬಿಡ್ಲಿಲ್ಲ. ನಾಯಿ ಆಚೆ ಗೋಡೆಗೊರಗಿ, ಅವಳು ಈಚೆ ಗೋಡೆಗೊರಗಿ… ಹಾಗೇ ಆಯ್ತು."

ಆ ಮಂಚ ಕಿಟಕಿಗೆ ಬಂದದ್ದು ನನಗೆ ಗೊತ್ತಿತ್ತು. ಗಾಳಿಗೆಂದು ತಿಳಿದಿದ್ದೆ. ಅವನ ಕೈಯಿಂದ ಆ ಟೋಪಿ ಕಿತ್ತು ಅವನ ಮೂತಿಗೇ ಒಂದು ಕೊಡಬೇಕೆನ್ನಿಸಿತು, ಅವನನ್ನು ತಬ್ಬಿಕೊಂಡು ಅಳಬೇಕೆಂದೂ ಅನ್ನಿಸಿತು. ಎರಡನ್ನೂ ಮಾಡದೆ ಟೀ ಮಾಡಿದೆ.

ಟೀ ಕುಡಿದವನೇ ಅವನು ಒಳಗಿನಿಂದ ಕುರ್ಚಿಯೊಂದನ್ನು ಎಳೆದು ತಂದು ಮರದ ಕೆಳಗೆ ಹಾಕಿಕೊಂಡ.

"ಏನಿದು?"

"ಅವಳು ಹೊರಗಿದ್ರೆ ನಾನೂ ಹೊರಗೆ. ನೀರು ಹಾಕ್ತಾ ಇರ್ತೀನಿ, ಬೀಸ್ತಾ ಇರ್ತೀನಿ."

"ನಲವತ್ತಾರಲ್ಲಿ? ನಿಂಗೆ ಎಪ್ಪತ್ತೊಂಬತ್ತು ಕಣಯ್ಯ!"

"ನಾಯಿ ಲೆಕ್ಕದಲ್ಲಿ ಅವಳಿಗೆ ತೊಂಬತ್ತು."

"ಸರಿ ಹಾಗಾದ್ರೆ. ನಾಳೆ ಇಬ್ರಿಗೂ ಒಂದೇ ಗುಂಡಿ ತೋಡಿಸ್ತೀನಿ. ನಿನ್ನ ಮಗಳು ಅಡಿಲೇಡಿಂದ ಆ ಎಸಿ ಹಾಕಿಸ್ಕೊಟ್ಟಿದ್ದು ಸಾಸೇಜು ತಣ್ಣಗಿರ್ಲಿ ಅಂತಲಾ?"

ಅವನು ಜಗ್ಗಲಿಲ್ಲ. ಹತ್ತು ಗಂಟೆಗೇ ನಲವತ್ತು ದಾಟಿತ್ತು. ಗೋಣಿಚೀಲ ಒಣಗಿ ಗರಿಗರಿಯಾಗಿತ್ತು. ಮಿಜ್ ಚಿಪ್ಪಿನ ತೊಟ್ಟಿಯಲ್ಲಿ ಕೂತಿದ್ದಳು, ಆದರೆ ನೀರೇ ಉಗುರುಬೆಚ್ಚಗಾಗಿತ್ತು. ಅವಳ ಪಕ್ಕೆಗಳು ತಿದಿಯ ಹಾಗೆ ಏರಿಳಿಯುತ್ತಿದ್ದವು. ನನಗೆ ನಿಜವಾಗಿಯೂ ಭಯವಾಯಿತು. ಸಂಜೆಯ ಹೊತ್ತಿಗೆ ಇಬ್ಬರಲ್ಲಿ ಒಬ್ಬರು ಹೋಗುತ್ತಾರೆ, ಇಬ್ಬರೂ ಹೋದರೂ ಹೋದರೇ ಎಂದುಕೊಂಡೆ.

ಆಗ ನನ್ನ ಕೋಳಿಗಳ ನೆನಪಾಯಿತು. ನಾಲ್ಕು ಕೋಳಿಗಳಿವೆ ನನಗೆ. ನನ್ನ ಬಸ್ಸಿನ ಕಾಲದ ನಾಲ್ಕು ಹೆಡ್‌ಮಿಸ್ಟ್ರೆಸ್ಸರ ಹೆಸರಿಟ್ಟಿದ್ದೇನೆ. ಓಡಿ ನೋಡಿದರೆ ನಾಲ್ವರೂ ಕೊಕ್ಕು ತೆರೆದು, ರೆಕ್ಕೆ ಜೋತು ಬಿಟ್ಟು ನಿಂತಿದ್ದರು. ಕ್ಲಾರಿಯ ಬಟ್ಟೆ ಒಗೆಯುವ ಕೋಣೆಯಲ್ಲಾದರೂ ಬಿಡೋಣವೆಂದು ಕಂಕುಳಿಗೆರಡರಂತೆ ಸಿಕ್ಕಿಸಿಕೊಂಡು ಬೇಲಿಯ ಗೇಟಿನಿಂದ ಬಂದೆ. ಅವರಲ್ಲಿ ಹಿರಿಯಳಾದ ಮಿಸೆಸ್ ಪ್ಲಮ್ಲಿ ಹಿಂದೆಯೂ ಯಾರ ಹಿಡಿತಕ್ಕೂ ಸಿಕ್ಕಿದವಳಲ್ಲ. ಕೊಸರಿಕೊಂಡು ನೆಲಕ್ಕೆ ಹಾರಿ, ಒಮ್ಮೆ ಮೈ ಕೊಡವಿ, ತನಿಖೆಗೆ ಬಂದವಳ ಗತ್ತಿನಲ್ಲಿ ತೆರೆದ ಬಾಗಿಲಿನಿಂದ ನೇರವಾಗಿ ಕ್ಲಾರಿಯ ಅಡುಗೆಮನೆಗೆ ನಡೆದಳು.

ತೊಟ್ಟಿಯಲ್ಲಿ ನೀರು ಸದ್ದು ಮಾಡಿತು. ಮಿಜ್ ಎದ್ದು ನಿಂತಿದ್ದಳು. ಎರಡು ಕಿವಿಯೂ ನೆಟ್ಟಗಾಗಿದ್ದವು.

ಕ್ಲಾರಿ ಅವಳನ್ನು ನೋಡಿದ. ಕೋಳಿ ಹೋದ ಬಾಗಿಲನ್ನು ನೋಡಿದ. ತುಟಿಗೆ ಎರಡು ಬೆರಳಿಟ್ಟು ಒಂದು ಚಿಕ್ಕ ಸಿಳ್ಳೆ ಹಾಕಿದ, ಆರು ವರ್ಷದಿಂದ ಹಾಕದಿದ್ದ ಸಿಳ್ಳೆ.

ಮಿಜ್ ಹೊಸ್ತಿಲನ್ನು ನೋಡಲೂ ಇಲ್ಲ. ಒಳಗೆ ಹೋದಳು!

"ಹೋದ್ಲು!" ಎಂದು ನಾನು ಕಿರುಚಿದೆ. ಬಾಗಿಲು ಮುಚ್ಚೋಣವೆಂದು ಓಡಿದೆ. ಅಷ್ಟರಲ್ಲಿ ಮಿಸೆಸ್ ಪ್ಲಮ್ಲಿ ಗೊಣಗುತ್ತ ಹೊರಗೆ ಬಂದಳು. ಅವಳ ಹಿಂದೆ ಮಿಜ್ ಬಂದಳು. ಕೋಳಿಯನ್ನು ಒಂದು ಗರಿಯೂ ಕೊಂಕದಂತೆ ನಡೆಸಿಕೊಂಡು ಬಂದು, ಮರದ ಕೆಳಗೆ ಕ್ಲಾರಿಯ ಬೂಟಿನ ಮುಂದೆ ನಿಲ್ಲಿಸಿ, ಬಾಲ ಅಲ್ಲಾಡಿಸಿದಳು.

ಕಂಕುಳಲ್ಲಿ ಕೋಳಿಗಳಿಲ್ಲದಿದ್ದರೆ ನಾನು ತಲೆ ಚಚ್ಚಿಕೊಳ್ಳುತ್ತಿದ್ದೆ. ಕ್ಲಾರಿ ಮಾತ್ರ ತೊಡೆ ತಟ್ಟಿಕೊಂಡು ನಗುತ್ತಿದ್ದ.

"ತಪ್ಪು ನಂದು, ನಾಯಿದಲ್ಲ. ಕುರಿನಾಯಿ ಹಿಂಡನ್ನ ಎಲ್ಲಿಗೆ ತರತ್ತೆ ಹೇಳು?"

"ಯಜಮಾನನ ಹತ್ರ."

"ಯಜಮಾನ ಎಲ್ಲಿ ಕೂತಿದಾನೆ?"

"ಹೊರಗೆ, ಪೆದ್ದನ ಹಾಗೆ."

"ಅದೇ ಮತ್ತೆ," ಎನ್ನುತ್ತ ಎದ್ದ. "ಉಳಿದ ಮೂರನ್ನೂ ಕೆಳಗೆ ಬಿಡು. ನೀನು ದೂರ ನಿಲ್ಲು, ಬಾಯಿ ಹಾಕ್ಬೇಡ. ನಿಂಗೆ ಕಷ್ಟ, ಆದ್ರೂ ಹಾಕ್ಬೇಡ."

ಅವನು ಅಡುಗೆಮನೆ ದಾಟಿ, ಹಜಾರದ ಆ ತುದಿಯಲ್ಲಿ ಎಸಿಯ ಕೆಳಗಿರುವ ತನ್ನ ಕುರ್ಚಿಯಲ್ಲಿ ಹೋಗಿ ಕೂತ. ಬಾಗಿಲಿನಿಂದ ಅವನ ಮೊಣಕಾಲಷ್ಟೇ ಕಾಣುತ್ತಿತ್ತು. ಒಳಗಿನಿಂದ ಸಿಳ್ಳೆ ಬಂತು, ಈ ಸಲ ಉದ್ದವಾಗಿ.

ಮಿಜ್ ನೆಲಕ್ಕೆ ಮೈ ತಗ್ಗಿಸಿ ಕೋಳಿಗಳನ್ನು ಬಳಸಿದಳು. ಓಡಲಿಲ್ಲ, ಓಡುವ ಶಕ್ತಿಯೂ ಇರಲಿಲ್ಲ. ಬರೀ ಕಣ್ಣಿನಲ್ಲಿ ನಡೆಸಿದಳು. ಮೂವರು ಹೆಡ್‌ಮಿಸ್ಟ್ರೆಸ್ಸರು ಸಾಲಾಗಿ ಹೊಸ್ತಿಲು ಹತ್ತಿ ಒಳಗೆ ಹೋದರು. ಮಿಸೆಸ್ ಪ್ಲಮ್ಲಿ ಹೊಸ್ತಿಲ ಮೇಲೆ ನಿಂತು ಹಿಂದಿರುಗಿ ನೋಡಿದಳು. ಮಿಜ್ ಕೂಡ ಅಲ್ಲೇ ನಿಂತಳು. ಒಂದು ಮುಂಗಾಲು ಗಾಳಿಯಲ್ಲಿ, ಹೊಸ್ತಿಲಿಗೆ ಒಂದು ಗೇಣು.

ನಾನು ಬಾಯಿ ಹಾಕಲಿಲ್ಲ. ಮೂವತ್ತೊಂದು ವರ್ಷದ ಚಾಕರಿಯಲ್ಲೂ ಅಷ್ಟು ಕಷ್ಟಪಟ್ಟಿರಲಿಲ್ಲ.

ಒಳಗಿನಿಂದ ಇನ್ನೊಂದು ಸಿಳ್ಳೆ, ಮೆಲ್ಲಗೆ, ಕೇಳಿಕೊಂಡ ಹಾಗೆ. ಮಿಜ್ ಕಾಲನ್ನು ಮುಂದಿಟ್ಟಳು. ಕೋಳಿ ಹಿಂದೆ ಸರಿಯಿತು. ಅವಳು ಇನ್ನೊಂದು ಕಾಲಿಟ್ಟಳು. ಹೀಗೆ ಹೆಜ್ಜೆಹೆಜ್ಜೆಯಾಗಿ ಹೊಸ್ತಿಲು, ಅಡುಗೆಮನೆ, ಹಜಾರ ದಾಟಿ, ನಾಲ್ಕು ಕೋಳಿಗಳನ್ನೂ ಸೋಫಾಗೂ ಟೀವಿಗೂ ನಡುವಿನ ಮೂಲೆಯಲ್ಲಿ ಕ್ಲಾರಿಯ ಕಾಲ ಬಳಿ ಒಟ್ಟುಮಾಡಿ ನಿಂತಳು. ನಾನು ಇಟ್ಟಿಗೆ ಸರಿಸಿ ಸದ್ದಿಲ್ಲದೆ ಬಾಗಿಲು ಹಾಕಿದೆ. ಈ ಸಲ ಅವಳು ತಿರುಗಿಯೂ ನೋಡಲಿಲ್ಲ. ಕೆಲಸದಲ್ಲಿದ್ದಳು.

"ಮಲಗು," ಅಂದ ಕ್ಲಾರಿ. ತಣ್ಣನೆಯ ಟೈಲ್ಸ್ ಮೇಲೆ ಹೊಟ್ಟೆಯಿಟ್ಟು ಮಲಗಿದಳು. ಕತ್ತು ಮಾತ್ರ ಎತ್ತಿಕೊಂಡೇ ಇತ್ತು, ಕಣ್ಣು ಕೋಳಿಗಳ ಮೇಲೆ.

ನಾನು ಕುಣಿಯುವುದೊಂದು ಬಾಕಿ. ಕ್ಲಾರಿ ಕೈಯೆತ್ತಿ ತಡೆದ.

"ಒಂದು ಮಾತು ಕೇಳಿಲ್ಲಿ," ಎಂದು ಪಿಸುಗುಟ್ಟಿದ. "ಕೆಲಸ ಮುಗೀತು ಅಂತ ಹೇಳೋಕೆ ನಾವು ಕುರಿ ಹೊಡೆಯೋರು ಒಂದೇ ಶಬ್ದ ಹೇಳೋದು." ಗಾಳಿಯಲ್ಲಿ ಬೆರಳಿನಿಂದ 'ಸಾಕು' ಎಂದು ಬರೆದ. "ಅದು ಅವಳ ಕಿವಿಗೆ ಬಿತ್ತೋ, ಎದ್ದು ಬಾಗಿಲಿಗೆ ಹೋಗ್ತಾಳೆ. ಸಂಜೆವರ್ಗೂ ಆ ಶಬ್ದ ಈ ಮನೇಲಿ ಬರಕೂಡದು."

ಆ ಒಂದು ಶಬ್ದವಿಲ್ಲದೆ ಇಡೀ ದಿನ ಕಳೆಯುವುದು ಎಂಥ ಕಷ್ಟವೆಂದು ಮಾಡಿ ನೋಡಿದವರಿಗೇ ಗೊತ್ತು. ನಾನು ಅವನ ಲೋಟಕ್ಕೆ ಹಾಲು ಹುಯ್ಯುತ್ತಿದ್ದರೆ ಅವನು ಬಾಯಿ ತೆರೆದು, ಮುಚ್ಚಿ, ಎರಡು ಕೈ ಬೀಸಿದ. ಅಷ್ಟರಲ್ಲಿ ಹಾಲು ತಟ್ಟೆಗಿಳಿದಿತ್ತು. ಟೀವಿಯಲ್ಲಿ ಕ್ರಿಕೆಟ್ ವಿವರಣೆಗಾರನ ಬಾಯಿಗೆ ಹೆದರಿ ಸದ್ದು ತೆಗೆದೇ ನೋಡಿದೆವು. ಊಟಕ್ಕೆ ಬ್ರೆಡ್ಡು, ತಣ್ಣನೆ ಮಾಂಸ, ಬೀಟ್‌ರೂಟು. ಬಡಿಸುವಾಗ ಬೇಕೆಂದೇ ಅವನ ತಟ್ಟೆಗೆ ಬೀಟ್‌ರೂಟು ಹಾಕುತ್ತಲೇ ಹೋದೆ. ಹಲ್ಲು ಕಚ್ಚಿ ಏಳು ಬಿಲ್ಲೆ ತಿಂದ.

ಹನ್ನೆರಡಕ್ಕೆ ಮಿಜ್‌ಳ ಉಸಿರು ನಿಧಾನವಾಯಿತು. ಡೊರೀನಳ ಪುಡಿಂಗ್ ಬಟ್ಟಲಿನಲ್ಲಿ ನೀರಿಟ್ಟೆ, ಕಣ್ಣು ಕೋಳಿಗಳಿಂದ ತೆಗೆಯದೆಯೇ ಕುಡಿದಳು. ಮಿಸೆಸ್ ಪ್ಲಮ್ಲಿ ಡೊರೀನಳ ಆರಾಮಕುರ್ಚಿ ಹತ್ತಿ, ಕಸೂತಿ ಹಾಕಿದ ದಿಂಬಿನ ಮೇಲೆ ಕೂತು, ಎರಡಕ್ಕೆ ಒಂದು ಮೊಟ್ಟೆ ಇಟ್ಟಳು. ನಾನು ಕ್ಷಮೆ ಕೇಳಲು ಹೋದರೆ ಕ್ಲಾರಿ, "ಇರ್ಲಿ ಬಿಡು, ಆ ಕುರ್ಚಿ ಮೇಲೆ ಯಾರಾದ್ರೂ ಕೂತು ಬಹಳ ದಿನ ಆಗಿತ್ತು" ಅಂದ.

ಮೂರು ಗಂಟೆಗೆ ನಲವತ್ತಾರೂವರೆ. ಕಿಟಕಿಯಿಂದ ನೋಡಿದರೆ ಹಿತ್ತಲು ಬೆಳ್ಳಗೆ ಉರಿಯುತ್ತಿತ್ತು. ಮಿಜ್‌ಳ ನೀಲಿ ತೊಟ್ಟಿಯಲ್ಲಿ ಗುಲಾಬಿ ಎದೆಯ ಗಲಾ ಗಿಳಿಗಳು ಜಾಗಕ್ಕೆ ಜಗಳವಾಡುತ್ತ ಕೂತಿದ್ದವು. ಅವಳು ಆ ಹೊತ್ತಿನಲ್ಲಿ ಅಲ್ಲಿದ್ದಿದ್ದರೆ ಏನಾಗುತ್ತಿತ್ತೆಂದು ಇಬ್ಬರಿಗೂ ಗೊತ್ತಿತ್ತು. ಕ್ಲಾರಿ ಬಗ್ಗಿ ಅವಳ ನೆತ್ತಿಯ ಮೇಲೆ ಕೈಯಿಟ್ಟ. ಅವಳು ಕೆಲಸದ ವೇಳೆಯಲ್ಲಿ ಇದೇನು ಎನ್ನುವಂತೆ ತಲೆ ಸರಿಸಿಕೊಂಡಳು.

ಸಂಜೆ ಆರೂವರೆಗೆ ದಕ್ಷಿಣದ ತಂಗಾಳಿ ಬಂತು. ಶೆಡ್ಡಿನ ತಗಡು ದಡದಡ ಬಡಿದುಕೊಂಡಿತು, ಪರದೆ ಬಲೂನಿನಂತೆ ಉಬ್ಬಿತು. ಅರ್ಧ ಗಂಟೆಯಲ್ಲಿ ಹದಿನೈದು ಡಿಗ್ರಿ ಇಳಿಯಿತು. ಬೀದಿಯಲ್ಲಿ ಜನ ಹೊರಗೆ ಬಂದು ಕೈಚಾಚಿ ನಿಂತಿದ್ದರು. ನಾನು ಹಿತ್ತಲ ಬಾಗಿಲು ಪೂರ್ತಿ ತೆರೆದು ಇಟ್ಟಿಗೆ ಆನಿಸಿದೆ. ಎಲ್ಲೋ ದೂರದಲ್ಲಿ ನೆನೆದ ಮಣ್ಣಿನ ವಾಸನೆ ಹಜಾರದವರೆಗೂ ಬಂತು.

ಕ್ಲಾರಿ ಎದ್ದು ನಿಂತು ಟೋಪಿ ಹಾಕಿಕೊಂಡ. ಗಂಟಲು ಸರಿಮಾಡಿಕೊಂಡ. ದಿನದ ಕೂಲಿಯವರನ್ನು ಮನೆಗೆ ಕಳಿಸುವಾಗ ಹೇಗೆ ಹೇಳಬೇಕೋ ಹಾಗೆ ಹೇಳಿದ.

"ಸಾಕು, ಮಿಜ್."

ಮಿಜ್ ಕೋಳಿಗಳಿಂದ ಕಣ್ಣು ತೆಗೆದಳು. ಕೋಳಿಗಳು ಕೂಡಲೇ ತಿಳಿದವರಂತೆ ಮೂಲೆಯಿಂದೆದ್ದು, ಅವಳ ಮೂಗಿನ ಮುಂದೆಯೇ ಅಡುಗೆಮನೆ ದಾಟಿ ಹೊರಗೆ ಹೋದವು. ಅವಳು ತೆರೆದ ಬಾಗಿಲನ್ನು ನೋಡಿದಳು. ಕ್ಲಾರಿಯನ್ನು ನೋಡಿದಳು.

"ಸಾಕು ಮಗಳೇ. ಮುಗೀತು."

ಅವಳ ಬಾಲ ಒಂದು ಸಲ ನೆಲಕ್ಕೆ ಬಡಿಯಿತು. ಆಮೇಲೆ, ಬೆಳಗಿನಿಂದ ಎತ್ತಿಕೊಂಡೇ ಇದ್ದ ಕತ್ತನ್ನು ನಿಧಾನವಾಗಿ ಇಳಿಸಿ, ಗದ್ದವನ್ನು ಟೈಲ್ಸ್ ಮೇಲಿಟ್ಟು, ದೊಡ್ಡದೊಂದು ಉಸಿರು ಬಿಟ್ಟು, ಕಣ್ಣು ಮುಚ್ಚಿ ಗೊರಕೆ ಹೊಡೆಯತೊಡಗಿದಳು.

ಕ್ಲಾರಿ ಟೋಪಿ ತೆಗೆದು ಟೀವಿಯ ಮೇಲಿಟ್ಟ. ಮೊಟ್ಟೆಯಿದ್ದ ಆರಾಮಕುರ್ಚಿಯ ಕಡೆ ತಿರುಗಿದ.

"ನೋಡ್ದೇನೇ ಡೊರೀನ್," ಅಂದ. "ಹದಿಮೂರು ವರ್ಷದಲ್ಲಿ ಇದೇ ಮೊದ್ಲು, ಸಾಕು ಅಂದ್ರೂ ನನ್ನ ಮಾತು ಕೇಳ್ಲಿಲ್ಲ."

ಅವನ ಕಣ್ಣಲ್ಲಿ ನೀರಿತ್ತು, ಮುಖದ ತುಂಬ ನಗುವಿತ್ತು. ಅಷ್ಟು ಖುಷಿಯಾಗಿ ಸೋತ ಮೊಂಡನನ್ನು ನಾನು ನೋಡಿಲ್ಲ. ನಾಲ್ಕು ಕೋಳಿಗಳನ್ನು ಹಿಡಿದು ಮನೆ ಸೇರಿಸುವ ಕೆಲಸ ಆ ಸಂಜೆ ನನ್ನ ಪಾಲಿಗೇ ಬಂತು, ಮಿಸೆಸ್ ಪ್ಲಮ್ಲಿಯೊಬ್ಬಳಿಗೇ ಮುಕ್ಕಾಲು ಗಂಟೆ ಹಿಡಿಯಿತು.